ಹುಲ್ಲಿನ ಮೇಲೆ ಬೀಸಿದ ಗಾಳ

ಮಿರ್ದಿಫ್, ದುಬೈ
ಶುಕ್ರವಾರ, 22 ಜೂನ್ 2018

ಪ್ರೀತಿಯ ಮೋಹನ ಮಾಮಾ,

ಹೇಗಿದ್ದೀರಿ? ಸೊಂಟ ಹೇಗಿದೆ? ಶುಗರ್ ಚೆಕ್ ಮಾಡಿಸಿದಿರಾ, ಅಥವಾ ಮಾಮಿ ಕೇಳಿದಾಗಲೆಲ್ಲ "ನಾಳೆ ನೋಡುವ" ಎನ್ನುವುದು ಇನ್ನೂ ನಡೆಯುತ್ತಿದೆಯಾ? ಪಡುಬಿದ್ರಿಯಲ್ಲಿ ಮಳೆ ಚೆನ್ನಾಗಿ ಹಿಡಿದಿದೆ ಎಂದು ಮಾಮಿ ಅಮ್ಮನಿಗೆ ಹೇಳಿದರಂತೆ. ಬೋಟುಗಳನ್ನೆಲ್ಲ ದಡಕ್ಕೆ ಎಳೆದಿಟ್ಟಿರುವ ತಿಂಗಳು ಇದು. ಬೋಟಿಲ್ಲ, ಆದ್ದರಿಂದ ಹಸಿಮೀನಿಲ್ಲ, ಆದ್ದರಿಂದ ನಿಮಗೆ ಸಿಟ್ಟು. ಪ್ರತಿ ಜೂನಿನಲ್ಲಿ ನಾನು ನೋಡಿದ್ದೇ. ಈ ಸಲದ ಸಿಟ್ಟಿನಲ್ಲಿ ಮೀನಿನ ಪಾಲು ಎಷ್ಟು, ನನ್ನ ಪಾಲು ಎಷ್ಟು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಒಣ ಸಿಗಡಿ ಚಟ್ನಿಗೆ ಉಪ್ಪು ಕಡಿಮೆ ಹಾಕಲು ಮಾಮಿಗೆ ಹೇಳಿ. ನಿಮ್ಮ ಬಿ.ಪಿ.ಗೆ ಅದು ಆಗುವುದಿಲ್ಲ.

ಫೋನಿರುವಾಗ ಇವಳು ಕಾಗದ ಯಾಕೆ ಬರೆಯುತ್ತಾಳೆ ಎಂದು ಮಾಮಿ ಕೇಳಬಹುದು. ಫೋನನ್ನು ನೀವು ಎತ್ತುವುದಿಲ್ಲವಲ್ಲ. ವಾಟ್ಸಾಪಿನಲ್ಲಿ ಇಲ್ಲಿಂದ ಕಾಲ್ ಹೋಗುವುದಿಲ್ಲ, ಮೆಸೇಜ್ ಹೋಗುತ್ತದೆ. ನೀಲಿ ಗೆರೆ ಬೀಳುತ್ತದೆ. ಅಂದರೆ ನೀವು ಕನ್ನಡಕ ಹುಡುಕಿ, ಹಾಕಿಕೊಂಡು, ಓದಿ, ಆಮೇಲೆ ಫೋನನ್ನು ಫ್ರಿಜ್ಜಿನ ಮೇಲೆ ಕವುಚಿ ಇಟ್ಟಿದ್ದೀರಿ. ಕಾಗದವಾದರೆ ಅರ್ಧ ಓದಿ ಮಡಚುವುದು ನಿಮ್ಮಿಂದ ಆಗದು ಎಂಬ ಧೈರ್ಯ ನನಗೆ. ಹಾಸ್ಟೆಲಿನಲ್ಲಿ ಭಾನುವಾರ ಸಂಜೆ ಮೆಟಿಲ್ಡಾ ಟೀಚರ್ ನಮ್ಮನ್ನು ಸಾಲಾಗಿ ಕೂರಿಸಿ ಮನೆಗೆ ಬರೆಸುತ್ತಿದ್ದರು. ಅಮ್ಮನಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಐ ಆಮ್ ಫೈನ್ ಎಂದು. ನಿಮಗೆ ಕನ್ನಡದಲ್ಲಿ ಎರಡು ಪುಟ, ಫೈನ್ ಅಲ್ಲದ್ದೆಲ್ಲ. ಅದೇ ಅಭ್ಯಾಸ ಮುಂದುವರಿಸುತ್ತಿದ್ದೇನೆ. ನಡುವೆ ಇಂಗ್ಲಿಷ್ ಹೆಚ್ಚಾದರೆ ಬೈಯಬೇಡಿ, ಅರ್ಧ ನಾನು ಅದೇ ಅಲ್ಲವಾ. ಸೌದಾ ಆಂಟಿ, ಅಂದರೆ ಅಮ್ಮನ ಕ್ಲಿನಿಕ್ಕಿನಲ್ಲಿ ಜೊತೆಗೆ ರಿಸೆಪ್ಷನ್ನಿನಲ್ಲಿರುವವರು, ನಾಳೆ ಹೆಜಮಾಡಿಗೆ ಹೊರಟಿದ್ದಾರೆ. ನಿಮ್ಮ ಮನೆ ಅಲ್ಲಿಂದ ಹತ್ತಿರವೇ, ಕೈಯಲ್ಲೇ ಕೊಡುತ್ತೇನೆ ಎಂದಿದ್ದಾರೆ.

ಮೇ ತಿಂಗಳಲ್ಲಿ ಅಮ್ಮ ನಿಮಗೆ ನಾನು ಸ್ಕಾಟ್ಲೆಂಡಿಗೆ ಹೋಗುವ ವಿಷಯ ತಿಳಿಸುವಾಗ ಫೋನ್ ಸ್ಪೀಕರಿನಲ್ಲಿತ್ತು. ಅಡುಗೆಮನೆಯಲ್ಲಿ ನಾನೂ ಇದ್ದೆ. "ಹದಿನೈದು ವರ್ಷ ನೆನಪಾಗದ ಮಗಳು ಈಗ ನೆನಪಾದ್ಲಾ ಅವನಿಗೆ? ಮೀನು ಹಿಡೀಲಿಕ್ಕೆ ಬಾ ಅಂತ ಕರೆಯುವುದು, ಆಮೇಲೆ ಅಲ್ಲೇ ಇಟ್ಟುಕೊಳ್ಳುವುದು. ನನಗೆ ಗೊತ್ತಾಗುದಿಲ್ವಾ? ಹೋಗುವವರು ಹೋಗ್ಲಿ. ತಿರುಗಿ ಬಂದ್ರೆ ನೋಡುವ." ಅಷ್ಟು ಹೇಳಿ ಇಟ್ಟುಬಿಟ್ಟಿರಿ. ಆಮೇಲೆ ನನ್ನ ಹತ್ತಿರ ಒಂದು ಮಾತಿಲ್ಲ. ಬರುವ ಗುರುವಾರ ಸಂಜೆ ನನ್ನ ವಿಮಾನ. ಹೋಗುವ ಮೊದಲು ನಿಮ್ಮ ಸ್ವರ ಒಂದು ಸಲ ಕೇಳಬೇಕು ಮಾಮ. ಆಶೀರ್ವಾದವೇ ಆಗಬೇಕೆಂದಿಲ್ಲ. "ಊಟ ಆಯ್ತಾ" ಎಂದು ಕೇಳಿ ಇಟ್ಟರೂ ಸಾಕು. ಈ ಕಾಗದ ಅದಕ್ಕಾಗಿ. ಉಳಿದದ್ದು ಗಾಳದ ದಾರ ಸುತ್ತುವ ರೀಲಿನ ವಿಷಯ. ರೀಲಿನ ವಿಷಯ ಬರೆಯದಿದ್ದರೆ ನೀವು ಓದಲಿಕ್ಕಿಲ್ಲ ಎಂದು ನನಗೆ ಗೊತ್ತು.

ಅವರನ್ನು ಏನೆಂದು ಕರೆಯಬೇಕೆಂದೇ ನನಗೆ ಇನ್ನೂ ತೀರ್ಮಾನವಾಗಿಲ್ಲ. ಅಪ್ಪ ಎನ್ನಲು ನಾಲಿಗೆ ಏಳುವುದಿಲ್ಲ. ಡ್ಯಾಡ್ ಎಂದರೆ ಟಿವಿಯಲ್ಲಿ ಬೇರೆ ಯಾರೋ ಮಾತಾಡಿದ ಹಾಗೆ. ಅಮ್ಮ ಸೈಮನ್ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನನಗಿಂತ ನಿಮಗೇ ಅವರ ಪರಿಚಯ ಹೆಚ್ಚು. ಅಬುಧಾಬಿ ಕಡೆಯ ರುವೈಸಿನ ರಿಫೈನರಿಯಲ್ಲಿ ಒಂದೇ ಶಿಫ್ಟ್, ಶುಕ್ರವಾರ ಕಡಲಿಗೆ ಕಟ್ಟಿದ ಕಲ್ಲಿನ ದಂಡೆಯ ಮೇಲೆ ಒಟ್ಟಿಗೆ ಗಾಳ. ಒಂದು ಶುಕ್ರವಾರ ದೊಡ್ಡ ಹಮೂರ್ ಮೀನು ಸಿಕ್ಕಿತೆಂದು ನೀವೇ ಅವರನ್ನು ಕ್ವಾರ್ಟರ್ಸಿಗೆ ಊಟಕ್ಕೆ ಕರೆದುಕೊಂಡು ಬಂದಿರಂತೆ. ವಿಸಿಟ್ ವೀಸಾದಲ್ಲಿ ಅಣ್ಣನ ಮನೆಗೆ ಬಂದಿದ್ದ ಅಮ್ಮ ಪುಳಿಮುಂಚಿ ಮಾಡಿ ಬಡಿಸಿದರಂತೆ. ಖಾರಕ್ಕೆ ಅವರ ಮುಖ ಕೆಂಪಾದರೂ ಎರಡನೇ ಸಲ ಹಾಕಿಸಿಕೊಂಡರು ಎನ್ನುವುದನ್ನು ಅಮ್ಮ ಈಗಲೂ ಹೇಳುತ್ತಾರೆ, ಮದುವೆ ಮುರಿದದ್ದರ ಬಗ್ಗೆ ಮಾತ್ರ ಒಂದು ಅಕ್ಷರ ಹೇಳುವುದಿಲ್ಲ. ಅವರ ಕಾಂಟ್ರಾಕ್ಟ್ ಮುಗಿದು ಅವರು ಹೋದ ಮೇಲೆ, "ಮನೆಗೆ ಕರ್ಕೊಂಡು ಬಂದದ್ದು ನಾನೇ ಅಲ್ವಾ" ಎಂದು ನೀವು ಎಷ್ಟು ಸಲ ಹೇಳಿಕೊಂಡಿರಿ. ಅಮ್ಮ ದುಬೈಗೆ ಕೆಲಸಕ್ಕೆ ಬಂದರು, ನಾನು ಕಾರ್ಕಳದ ಹಾಸ್ಟೆಲಿಗೆ ಹೋದೆ, ನೀವು ರುವೈಸ್ ಬಿಟ್ಟು ಊರಿಗೆ ಬಂದಿರಿ. ಸೊಂಟನೋವಿಗೆ ಬಿಟ್ಟದ್ದು ಎಂದು ನೀವು ಹೇಳುತ್ತೀರಿ, ನನಗಾಗಿ ಬಿಟ್ಟದ್ದು ಎಂದು ಅಮ್ಮ ಹೇಳುತ್ತಾರೆ. ತಿಂಗಳಿಗೊಂದು ಭಾನುವಾರ ಸ್ಕೂಟರಿನಲ್ಲಿ ಬರುತ್ತಿದ್ದಿರಿ, ಪೇಪರಿನಲ್ಲಿ ಸುತ್ತಿದ ಬಂಗುಡೆ ಫ್ರೈ ಡಿಕ್ಕಿಯಲ್ಲಿ. ಗಣಿತದ ಟೀಚರ್ "ನಿಮ್ಮ ಮಗಳು" ಎಂದಾಗ ತಿದ್ದದೆ, "ಹೌದು, ಅವಳಿಗೆ ಸ್ವಲ್ಪ ಗಾಬರಿ ಜಾಸ್ತಿ" ಎಂದಿರಿ. ಆ ಗಾಬರಿ ಇನ್ನೂ ಹಾಗೇ ಉಂಟು. ಅದನ್ನು ಜೊತೆಗೆ ಕಟ್ಟಿಕೊಂಡೇ ನಾನು ಈ ಒಂದು ತಿಂಗಳು ರೀಲು ಹುಡುಕಿದ್ದು.

ಸೈಮನ್ ಈಗ ಸ್ಕಾಟ್ಲೆಂಡಿನ ಉತ್ತರದಲ್ಲಿದ್ದಾರೆ, ಒಂದು ನದಿಯ ಹತ್ತಿರ. ಜುಲೈಯಲ್ಲಿ ಒಂದು ವಾರ ಆ ನದಿಯಲ್ಲಿ ಸಾಲ್ಮನ್ ಹಿಡಿಯಲು ಜಾಗ ಬುಕ್ ಮಾಡಿದ್ದಾರೆ. ಅಲ್ಲಿ ನದಿಯನ್ನೂ ಬುಕ್ ಮಾಡಬೇಕು ಮಾಮ, ಮದುವೆ ಹಾಲ್‌ನ ಹಾಗೆ. ಮೀನು ಹಿಡಿಯುವ ಕ್ರಮವೂ ಬೇರೆ. ನಾವು ಪಡುಬಿದ್ರಿ ಕಡಲಿನಲ್ಲಿ ಸೀಸದ ಗುಂಡು ಕಟ್ಟಿ ಬೀಸುತ್ತೇವೆ, ಗುಂಡಿನ ಭಾರಕ್ಕೆ ದಾರ ಹೋಗುತ್ತದೆ. ಇವರದ್ದು ಉಲ್ಟಾ. ಗಾಳಕ್ಕೆ ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡಿರುತ್ತಾರೆ, ಅದಕ್ಕೆ ಭಾರವೇ ಇಲ್ಲ. ಭಾರ ಇರುವುದು ದಾರಕ್ಕೆ. ದಪ್ಪ ದಾರವನ್ನು ಚಾಟಿಯ ಹಾಗೆ ಹಿಂದೆ ಮುಂದೆ ಬೀಸಿ, ಸದ್ದಾಗದ ಹಾಗೆ ನೀರಿನ ಮೇಲೆ ಮಲಗಿಸಬೇಕು. ಇನ್ನೂ ಕೇಳಿ. ಕಡಲಿನಿಂದ ನದಿಗೆ ಬಂದ ಮೇಲೆ ಸಾಲ್ಮನ್ ಏನನ್ನೂ ತಿನ್ನುವುದಿಲ್ಲವಂತೆ. ತಿನ್ನದ ಮೀನಿಗೆ ತಿನ್ನಲಾಗದ ನೊಣ! ಮತ್ತೆ ಕಚ್ಚುವುದು ಯಾಕೆ ಎಂದು ಕೇಳಿದರೆ, ಸರಿಯಾಗಿ ಯಾರಿಗೂ ಗೊತ್ತಿಲ್ಲ, ಸಿಟ್ಟಿನಿಂದ ಇರಬಹುದು ಎಂದು ಸೈಮನ್ ಬರೆದರು. ನೀವಾದರೆ ಸಿಟ್ಟಿನಲ್ಲಿ ಕಚ್ಚುವುದೂ ಇಲ್ಲ, ಸುಮ್ಮನೆ ಕೆಳಗೆ ಹೋಗಿ ಕೂತುಬಿಡುತ್ತೀರಿ. ಕೊನೆಗೆ, ಸಿಕ್ಕಿದ ಮೀನನ್ನು ಅಲ್ಲಿಯೇ ನೀರಿಗೆ ಬಿಡಬೇಕು. ಈಗ ನೀವು ಕಾಗದ ಕೆಳಗಿಟ್ಟು ಮಾಮಿಯನ್ನು ಕರೆದು "ಕೇಳಿದ್ಯಾ, ಬಿಡ್ಲಿಕ್ಕಂತೆ" ಎನ್ನುತ್ತೀರಿ ಎಂದು ಗೊತ್ತು. ಹೇಳಿ ಬನ್ನಿ, ಕಾಯುತ್ತೇನೆ. ಸಾಲ್ಮನ್ ಎಷ್ಟು ದೂರ ಹೋದರೂ ಹುಟ್ಟಿದ ನದಿಗೇ ವಾಪಸ್ ಬರುತ್ತದೆ ಎಂದು ಸೈಮನ್ ಒಂದು ಮೇಲ್ ತುಂಬ ಬರೆದಿದ್ದರು. ನಾನು ಹುಟ್ಟಿದ್ದು ರುವೈಸಿನ ಆಸ್ಪತ್ರೆಯಲ್ಲಿ. ಅಲ್ಲಿ ನದಿಯೇ ಇಲ್ಲವಲ್ಲ.

ಕೋಲು, ಉದ್ದ ಬೂಟು, ಮಳೆಕೋಟು ಎಲ್ಲ ಅಲ್ಲಿದೆ, ರೀಲೂ ಇದೆ, ತಮ್ಮ ತಂದೆ ಬಳಸಿದ್ದು, ನೀನು ಬರಿಗೈಯಲ್ಲಿ ಬಂದರೆ ಸಾಕು ಎಂದು ಅವರು ಬರೆದಿದ್ದರು. ರೀಲು ನಾನೇ ತರುತ್ತೇನೆ ಎಂದೆ. ಯಾಕೆ ಎಂದು ಅಮ್ಮ ಕೇಳಿದಾಗ ಸರಿಯಾಗಿ ಹೇಳಲಿಕ್ಕಾಗಲಿಲ್ಲ. ನಿಮಗೆ ಹೇಳಬಹುದು. ಹಾಸ್ಟೆಲಿನಲ್ಲಿ ತಟ್ಟೆ ತಾರದೆ ಬಂದವರಿಗೆ ಹಾಸ್ಟೆಲಿನದೇ ತಟ್ಟೆ ಕೊಡುತ್ತಿದ್ದರು, ನಂಬರ್ ಕೊರೆದದ್ದು. ಆ ತಟ್ಟೆಯಲ್ಲಿ ಉಂಡವರು ಒಂದು ವಾರದಲ್ಲಿ ಹಾಸ್ಟೆಲಿನವರೇ ಆಗಿಬಿಡುತ್ತಿದ್ದರು. ನೀವು ನನ್ನ ತಟ್ಟೆಗೆ ಉಡುಪಿಯ ಪಾತ್ರೆ ಅಂಗಡಿಯಲ್ಲಿ ನನ್ನ ಹೆಸರು ಕೊರೆಸಿ ಕಳುಹಿಸಿದ್ದಿರಿ. ಅವರ ತಂದೆಯ ರೀಲು ಕೈಗೆ ತೆಗೆದುಕೊಂಡರೆ ನಾನು ಆ ಮನೆಯವಳಾಗುತ್ತೇನೆ. ನನ್ನದೇ ರೀಲು ಹಿಡಿದು ಹೋದರೆ ಹೋಗಿ ಬರುವವಳಾಗುತ್ತೇನೆ. ಇದು ಹುಚ್ಚು ಲೆಕ್ಕವಿರಬಹುದು, ಆದರೆ ಇದನ್ನು ಯೋಚಿಸಿದ ದಿನವೇ ರೀಲು ಹುಡುಕಲು ಹೊರಟೆ. ರೀಲು ಒಂದು ವಿಷಯ, ಮಾಮ. ಅದನ್ನು ಆರಿಸಬಹುದು. ಉಳಿದ ಯಾವುದನ್ನೂ ಹೇಗೆ ಆರಿಸುವುದು ಎಂದು ನನಗೆ ಗೊತ್ತಿಲ್ಲ.

ನಮ್ಮ ಕಟ್ಟಡದ ಇಬ್ಬರು ಮಕ್ಕಳಿಗೆ ಮ್ಯಾಥ್ಸ್ ಹೇಳಿಕೊಟ್ಟ ದುಡ್ಡಿತ್ತು. ಅದರಲ್ಲೇ ಆಗಬೇಕು ಎಂದು ಹಟ. ಮಾಲಿನ ದೊಡ್ಡ ಅಂಗಡಿಗೆ ಹೋದರೆ ಗಾಜಿನೊಳಗೆ ಇಟ್ಟಿದ್ದರು, ಚಿನ್ನದ ಹಾಗೆ ಕೆಳಗಿನಿಂದ ಬೆಳಕು ಬಿಟ್ಟು. ಬೆಲೆ ನೋಡಿ, ವಿಮಾನದ ಟಿಕೆಟ್ಟಿಗಿಂತ ಹೆಚ್ಚು ಇದ್ದದ್ದಕ್ಕೆ, ನನಗೆ ಬೇಕಾದ ಬಣ್ಣ ಇಲ್ಲ ಎಂದು ಸುಳ್ಳು ಹೇಳಿ ಹೊರಗೆ ಬಂದೆ. ಚೀನ ಸಾಮಾನು ಮಾರುವ ಕಡೆ ಒಂದು ಸಿಕ್ಕಿತು, ತೀರ ಅಗ್ಗ. ತಿರುಗಿಸಿ ನೋಡುವಾಗ ಹಿಡಿಯೇ ನನ್ನ ಕೈಗೆ ಬಂತು. ಅಂಗಡಿಯ ಹುಡುಗಿ ಏನೂ ಆಗದವಳ ಹಾಗೆ ಅದನ್ನು ತೆಗೆದುಕೊಂಡು, ಒತ್ತಿ ಸಿಕ್ಕಿಸಿ, ಪುನಃ ಶೆಲ್ಫಿನಲ್ಲಿಟ್ಟಳು. ದಿನಾ ಕಾಲೇಜ್ ಬಸ್ಸಿನಲ್ಲಿ ಕೂತು ರೀಲುಗಳ ಬಗ್ಗೆ ಓದಿದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಹೆಚ್ಚಾಗಿ ಖಾಲಿ ಇರುತ್ತದೆ, ಓದಲಿಕ್ಕೆ ಅನುಕೂಲ. ಓದಿದ್ದರಲ್ಲಿ ಗೊತ್ತಾದದ್ದು ಇಷ್ಟು: ಹೆಸರಿಗೆ, ಹೊಳಪಿಗೆ ಕೊಡುವ ದುಡ್ಡು ದಂಡ. ಸಾಲ್ಮನ್ ಗಾಳ ಕಚ್ಚಿ ಓಡಲು ಶುರುಮಾಡಿದರೆ ಬಹಳ ದೂರ ಓಡುತ್ತದೆ, ಆದ್ದರಿಂದ ಒಳಗೆ ತುಂಬ ದಾರ ಹಿಡಿಯುವ ಜಾಗ ಬೇಕು. ದಾರ ಹೊರಗೆ ಹೋಗುವಾಗ ಹಿಡಿದು ಹಿಡಿದು ಬಿಡುವ ಒಂದು ಬ್ರೇಕ್ ಬೇಕು, ಜರ್ಕ್ ಇಲ್ಲದೆ ಸಮನಾಗಿ. ಈ ಎರಡು ಸರಿ ಇದ್ದರೆ ಅಗ್ಗದ್ದೂ ನಡೆಯುತ್ತದೆ.

ಕೊನೆಗೆ ಸೌದಾ ಆಂಟಿಯ ಗಂಡ ಶುಕೂರ್ ಅಂಕಲಿನ ಅಂಗಡಿಗೆ ಹೋದೆ, ದೇರಾದಲ್ಲಿ. ಬಲೆ, ಹಗ್ಗ, ಕಡಲಿನ ರೀಲುಗಳು, ಐಸ್ ಬಾಕ್ಸ್. ಒಳಗೆ ಹೋದ ಕೂಡಲೇ ನಮ್ಮ ಮಲ್ಪೆಯ ವಾಸನೆ. "ಸಾಲ್ಮನಾ? ಅದು ಲುಲು ಮಾರ್ಕೆಟಿನಲ್ಲಿ ಕಟ್ ಮಾಡಿ ಇಟ್ಟಿರ್ತಾರಲ್ಲ ಮಗಾ, ಅದಕ್ಕೆ ವೀಸಾ ಮಾಡಿ ಹೋಗ್ಬೇಕಾ?" ಎಂದರು. ಹಿಡಿದು ಬಿಡುವುದು ಎಂದೆ. ಶುಕೂರ್ ಅಂಕಲ್ ಕುಡಿಯುತ್ತಿದ್ದ ಸುಲೈಮಾನಿ ಚಾ ಕೆಳಗಿಟ್ಟರು. "ಬಿಡುವುದಾ? ಯಾ ಅಲ್ಲಾ! ಬಿಡುವುದಾದ್ರೆ ಮನೆಯಲ್ಲೇ ಕೂತ್ರೆ ಆಯ್ತಲ್ಲ ಮಾರಾಯ್ತಿ, ಮೀನು ಹೇಗೂ ನೀರಲ್ಲೇ ಉಂಟು!" ಮತ್ತೆ ಅವರಿಗೇ ಪಾಪ ಎನಿಸಿರಬೇಕು, ಸ್ಟೂಲ್ ಹತ್ತಿ ಮೇಲಿನ ಶೆಲ್ಫಿನಿಂದ ಒಂದು ಡಬ್ಬಿ ತೆಗೆದರು. ಯಾರೋ ಗಿರಾಕಿ ತರಿಸಿ, ಕೆಲಸ ಹೋಗಿ, ಕೊಂಡುಹೋಗದೆ ದೇಶ ಬಿಟ್ಟಿದ್ದರಂತೆ. ಬೂದಿ ಬಣ್ಣ, ಹೊಳಪಿಲ್ಲ. ಕೈಯಲ್ಲಿ ಹಿಡಿದರೆ ತೂಕ ಇತ್ತು. ನಾವಿಬ್ಬರೂ ಅದನ್ನು ತೆಂಗಿನಕಾಯಿ ನೋಡುವ ಹಾಗೆ ತೂಗಿ ನೋಡಿ, ಅಲುಗಾಡಿಸಿ, ಒಳ್ಳೆಯದೇ ಇರಬೇಕು ಎಂದು ತೀರ್ಮಾನಿಸಿದೆವು. ಶುಕೂರ್ ಅಂಕಲ್ ಕೊಂಡ ಬೆಲೆಗೇ ಕೊಟ್ಟರು, ದಾರ ಸುತ್ತಿಕೊಟ್ಟರು, ಪ್ರಾಕ್ಟೀಸಿಗೆ ಒಂದು ಹಳೆಯ ಕೋಲನ್ನೂ ಕೊಟ್ಟರು. "ಯಲ್ಲಾ, ಖಲಾಸ್. ಇನ್ನು ಮೀನಿನ ಹಣೆಬರಹ" ಎಂದರು.

ಮಿರ್ದಿಫಿನಲ್ಲಿ ನೀರೆಲ್ಲಿದೆ? ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಹುಲ್ಲಿನ ಮೇಲೆ ಬೀಸಲು ಶುರುಮಾಡಿದೆ. ಮೊದಲ ದಿನವೇ ನೇಪಾಳದ ಸೆಕ್ಯುರಿಟಿ ಭಯ್ಯಾ ಸೈಕಲಿನಲ್ಲಿ ಬಂದು, "ಮೇಡಂ, ಇಧರ್ ಫಿಶಿಂಗ್ ಮನಾ ಹೈ" ಎಂದ, ಇಲ್ಲಿ ಮೀನು ಹಿಡಿಯಬಾರದಂತೆ. ಭಯ್ಯಾ, ಪಾನಿ ಕಹಾಂ ಹೈ, ನೀರೆಲ್ಲಿ ಎಂದೆ. ಅವನು ಸುತ್ತ ನೋಡಿದ, ಯೋಚಿಸಿದ. "ಪಾನಿ ನಹೀಂ ಹೈ. ಫಿರ್ ಭೀ ಮನಾ ಹೈ." ಮರುದಿನವೂ ಬಂದ, ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ಓದಿದ, ಮೀನಿನ ವಿಷಯ ಕಾಣಲಿಲ್ಲ, ಬಿಟ್ಟ. ಮೂರನೇ ದಿನ ತಾನೇ ಮೀನಾಗುತ್ತೇನೆ ಎಂದ! ದಾರದ ತುದಿ ಕೈಗೆ ಸುತ್ತಿಕೊಂಡು ಹುಲ್ಲಿನ ಮೇಲೆ ಓಡಿದ. ರೀಲು ಹಿಡಿಯಬೇಕಿತ್ತಲ್ಲ, ಹಿಡಿಯಲೇ ಇಲ್ಲ. ಗರ್ ಎಂದು ತಿರುಗಿ, ದಾರವೆಲ್ಲ ಶಾವಿಗೆಯ ಹಾಗೆ ನನ್ನ ಕಾಲ ಬುಡದಲ್ಲಿ ಬಿತ್ತು. ವಾಪಸ್ ಸುತ್ತಲು ಹೋದರೆ ಅದು ಗಟ್ಟಿ, ಬಾವಿಯಿಂದ ಹಗ್ಗ ಎಳೆದ ಹಾಗೆ. ಹಿಡಿಯಬೇಕಾದಲ್ಲಿ ಸಡಿಲ, ಸಡಿಲ ಇರಬೇಕಾದಲ್ಲಿ ಬಿಗಿ.

ಬೇರೆ ಯಾರಾದರೂ ಆಗಿದ್ದರೆ ಆ ದಿನವೇ ಅಂಗಡಿಗೆ ಹೋಗುತ್ತಿದ್ದರು. ನಾನು ಒಂದು ವಾರ ಹೋಗಲಿಲ್ಲ. ತಪ್ಪು ರೀಲಿನದ್ದಲ್ಲ, ನನ್ನದೇ ಎಂದು ಖಂಡಿತ ಮಾಡಿಕೊಂಡಿದ್ದೆ. ಇಂಥ ಕೆಲಸಕ್ಕೆ ಹುಟ್ಟಿನಿಂದ ಬರುವ ಕೈ ಬೇಕು, ಅದು ನನಗೆ ಬಂದಿಲ್ಲ, ನದಿಯಲ್ಲಿ ಸೈಮನ್ ಎದುರು ಹೀಗೇ ದಾರ ಕಾಲಿಗೆ ಸುತ್ತಿಕೊಂಡು ನಿಲ್ಲುತ್ತೇನೆ, ಅವರು ಇಂಗ್ಲಿಷರ ಹಾಗೆ ಮರ್ಯಾದೆಗೆ ನಗುತ್ತಾರೆ ಎಂದೆಲ್ಲ. ಅಮ್ಮನಿಗೆ ಆ ವಾರ ಸಂಜೆ ಶಿಫ್ಟ್. ನಾನು ಕಾಲೇಜಿನಿಂದ ಬರುವಾಗ ಅವರು ಹೊರಟಿರುತ್ತಾರೆ, ಫ್ರಿಜ್ಜಿನಲ್ಲಿ ಸಾರು, ಬಾಗಿಲಲ್ಲಿ ಅವರ ಪರ್ಫ್ಯೂಮಿನ ವಾಸನೆ. ವಿಮಾನಗಳು ನಮ್ಮ ಕಟ್ಟಡದ ಮೇಲೆಯೇ ಇಳಿಯುತ್ತವೆ, ಕಿಟಕಿ ಗಾಜು ಅಲುಗುವಷ್ಟು ಕೆಳಗೆ. ಮೊದಲಿಗೆ ಅದರೊಳಗೆ ಊರಿನವರು ಇರಬಹುದು ಎಂದು ನೋಡುತ್ತಿದ್ದೆ. ಈಗ ನೋಡುವುದಿಲ್ಲ. ನಾನು ದುಬೈಗೆ ಬಂದು, ಕಾಲೇಜಿನಲ್ಲಿ ಒಂದು ವರ್ಷ ಮುಗಿಯಿತು. ಎಲ್ಲರಿಗೂ ನನ್ನ ಹೆಸರು ಗೊತ್ತು, "ನೀನು ಎಲ್ಲಿಯವಳು" ಎಂದು ಎಲ್ಲರೂ ಕೇಳುತ್ತಾರೆ, ನಾನು ಉತ್ತರ ಮುಗಿಸುವಷ್ಟರಲ್ಲಿ ಅವರಿಗೆ ಬೇರೆ ಕೆಲಸವಿರುತ್ತದೆ. ಹಾಸ್ಟೆಲಿನಲ್ಲಿ ಇಪ್ಪತ್ತು ಜನ ಒಂದೇ ಕೋಣೆಯಲ್ಲಿ ಮಲಗುವಾಗ ಒಬ್ಬಳೇ ಇರಬೇಕು ಎಂದು ಆಸೆಯಾಗುತ್ತಿತ್ತು. ಈಗ ಅಮ್ಮ ಬರುವವರೆಗೆ ಟಿವಿ ಹಾಕಿಡುತ್ತೇನೆ, ಯಾವ ಭಾಷೆಯಾದರೂ ಆದೀತು. ಇದನ್ನು ಅಮ್ಮನಿಗೆ ಹೇಳಬೇಡಿ. ಅವರಿಗೆ ನಾನು ಐ ಆಮ್ ಫೈನ್.

ಕೊನೆಗೆ ಒಂದು ವೀಡಿಯೋದಲ್ಲಿ ವಿಷಯ ಗೊತ್ತಾಯಿತು. ಈ ರೀಲಿನ ಬ್ರೇಕ್ ಒಂದೇ ದಿಕ್ಕಿಗೆ ಹಿಡಿಯುವುದು. ಅಲ್ಲಿಯವರು ಬಲಗೈಯಲ್ಲಿ ಕೋಲು ಹಿಡಿದು ಎಡಗೈಯಲ್ಲಿ ರೀಲು ಸುತ್ತುತ್ತಾರೆ, ಕಂಪನಿಯಿಂದ ಬರುವುದೂ ಹಾಗೇ. ಶುಕೂರ್ ಅಂಕಲಿಗೂ ನನಗೂ ಅದು ತಲೆಗೇ ಹೋಗಿರಲಿಲ್ಲ. ಸುತ್ತುವುದು ಎಂದರೆ ಬಲಗೈ ಎಂದು ಕೇಳದೆ ಮಾಡದೆ ದಾರವನ್ನು ಉಲ್ಟಾ ತುಂಬಿಸಿದ್ದೆವು. ಹೋಗಿ ಹೇಳಿದರೆ ಅವರು ನಕ್ಕದ್ದೇ ನಕ್ಕದ್ದು. "ಎಡಗೈಯಲ್ಲಾ? ಎಡಗೈಯಲ್ಲಿ ಮೀನು ಎಳೆದ್ರೆ ಬರ್ಕತ್ ಬರ್ತದಾ ಮಗಾ? ಅದಕ್ಕೇ ಬಿಡುವುದಾ ಅವ್ರು!" ಮತ್ತೆ ಸ್ಕ್ರೂ ಡ್ರೈವರ್ ತೆಗೆದು ಕೇಳಿದರು. ಒಳಗಿನ ಚಕ್ರ ತಿರುಗಿಸಿ ಹಾಕಿದರೆ ಬಲಗೈಗೆ ಆಗುತ್ತದೆ, ದಾರ ಬಿಚ್ಚಿ ಸುತ್ತಿದರೆ ಎಡಗೈಗೆ. "ಯಾವುದು ಬೇಕು ಹೇಳು, ಗಿರಾಕಿ ಕಾಯ್ತಾ ಉಂಟು." ನಾನು ನನ್ನ ಎರಡೂ ಕೈ ನೋಡಿಕೊಂಡೆ ಮಾಮ. ಸಣ್ಣದಿರುವಾಗ ಚಮಚ ಎಡಗೈಗೇ ಹೋಗುತ್ತಿತ್ತು, ಮೆಟಿಲ್ಡಾ ಟೀಚರ್ ಮೆತ್ತಗೆ ಬಲಗೈಗೆ ದಾಟಿಸುತ್ತಿದ್ದರು ಎಂದು ಮಾತ್ರ ನೆನಪು. ಅದಕ್ಕೆ ಮೊದಲು, ನೀವು ಮರದ ತುಂಡಿಗೆ ದಾರ ಸುತ್ತಿ ಕೊಡುತ್ತಿದ್ದಾಗ, ನಾನು ಯಾವ ಕೈಯಲ್ಲಿ ಸುತ್ತುತ್ತಿದ್ದೆ? ಅದು ಗೊತ್ತಿರುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ. ಅಲ್ಲೇ ಕೌಂಟರಿನ ಎದುರು ನಿಂತು ನಿಮಗೆ ಮೆಸೇಜ್ ಮಾಡಿದೆ. ನೀಲಿ ಗೆರೆ ಬಿತ್ತು. ನೀವು ಟೈಪ್ ಮಾಡುತ್ತಿದ್ದೀರಿ ಎಂದು ಬಂತು. ಶುಕೂರ್ ಅಂಕಲಿಗೆ "ಒಂದು ನಿಮಿಷ, ಮಾಮ ಹೇಳ್ತಾರೆ" ಎಂದೆ. ಅದು ಹೋಯಿತು. ಪುನಃ ಬಂತು. ಪುನಃ ಹೋಯಿತು. ಆಮೇಲೆ ಬರಲಿಲ್ಲ.

ಏನು ಬರೆದು ಅಳಿಸಿದಿರಿ? ಕೈಯ ವಿಷಯವಾ, ಬೇರೆ ಏನಾದರೂವಾ? ನಾನು ಎಡಗೈ ಎಂದೆ. ಶುಕೂರ್ ಅಂಕಲ್ "ತೌಬಾ ತೌಬಾ" ಎನ್ನುತ್ತಲೇ ದಾರ ಬಿಚ್ಚಿ ಸುತ್ತಿದರು. ಮರುದಿನ ಪಾರ್ಕಿನಲ್ಲಿ ಸೆಕ್ಯುರಿಟಿ ಭಯ್ಯಾ ಪುನಃ ಓಡಿದ. ಈ ಸಲ ರೀಲು ಹಿಡಿಯಿತು, ಅವನನ್ನು ಬಿಟ್ಟಿತು, ಪುನಃ ಹಿಡಿಯಿತು, ದಾರ ಒಂದೇ ಸಮನೆ ಸದ್ದು ಮಾಡುತ್ತಾ ಹೋಯಿತು. ಗಾಫ್ ಮರದ ಹತ್ತಿರ ಅವನಿಗೆ ಉಸಿರು ಕಟ್ಟಿ ನಿಂತ. ನಾನು ಎಡಗೈಯಲ್ಲಿ ಸುತ್ತಿದೆ, ಅವನು ಮೀನಿನ ಹಾಗೆ ತಲೆ ಅಲ್ಲಾಡಿಸುತ್ತಾ ಬಂದ. ಇಬ್ಬರೂ ನಕ್ಕೆವು. ನಾನು ಸದ್ದು ಮಾಡಿ ನಕ್ಕು ಎಷ್ಟು ದಿನವಾಗಿತ್ತೆಂದು ಆಗ ಗೊತ್ತಾಯಿತು. ನದಿಗೆ ಹೋಗುವಾಗ ಜೊತೆಗೆ ಮನೆಯಿಂದ ಯಾರು ಬರುತ್ತಾರೆ ಎಂದು ಕೇಳಿದ. ಕೋಯಿ ನಹೀಂ, ಯಾರೂ ಇಲ್ಲ ಎಂದೆ. ಅವನು ಟೋಪಿ ಸರಿಮಾಡಿಕೊಂಡು, "ಅಚ್ಛಾ" ಎಂದು ಸೈಕಲ್ ಹತ್ತಿದ.

ಸೈಮನ್ ಕಳೆದ ಮೇಲ್‌ನಲ್ಲಿ ನಿಮ್ಮ ವಿಷಯ ಕೇಳಿದ್ದರು. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಮೋಹನ್ ಇನ್ನೂ ಹೆಬ್ಬೆರಳನ್ನೇ ಬ್ರೇಕ್ ಮಾಡುತ್ತಾನಾ ಎಂದು ಕೇಳಿದರು. ರುವೈಸಿನಲ್ಲಿ ದಾರ ಉಜ್ಜಿ ನಿಮ್ಮ ಬೆರಳು ಸುಟ್ಟದ್ದು, ನೀವು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಮೀನನ್ನು ಬಿಡದೆ ನಿಂತದ್ದು ಅವರಿಗೆ ನೆನಪಿದೆಯಂತೆ. ನಿನ್ನ ಮಾವನಷ್ಟು ಮೀನು ಗೊತ್ತಿದ್ದವರನ್ನು ಆಮೇಲೆ ನೋಡಿಲ್ಲ ಎಂದರು. ನಾನು ಹೊಗಳಿ ನಿಮ್ಮನ್ನು ಕರಗಿಸಲು ಇದನ್ನು ಬರೆದದ್ದಲ್ಲ. ಇದು ನಿಮಗೆ ಸೇರಿದ ಮಾತು, ನನ್ನ ಹತ್ತಿರ ಇಟ್ಟುಕೊಳ್ಳುವುದು ಸರಿಯಲ್ಲ ಎನಿಸಿತು.

ಟಿಕೆಟ್ ಹೋಗಿ ಬರುವುದಕ್ಕೆ ಆಗಿದೆ, ಜುಲೈ ಹನ್ನೆರಡಕ್ಕೆ ವಾಪಸ್. ಅಲ್ಲೇ ಓದಬಹುದಲ್ಲ ಎಂದು ಸೈಮನ್ ಒಮ್ಮೆ ಕೇಳಿದರು, ನಾನು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಅಲ್ಲಿ ಹೋಗಿ ಒಂದು ಸಲ ನೀರಿನಲ್ಲಿ ನಿಂತು ನೋಡಬೇಕು, ಅಷ್ಟೇ ಈಗ ಗೊತ್ತಿರುವುದು. ಮಾಮಿಗೆ ನನ್ನ ಪ್ರೀತಿ ಹೇಳಿ. ಸೌದಾ ಆಂಟಿಯ ಕೈಯಲ್ಲಿ ನಿಮ್ಮ ಸೊಂಟದ ಎಣ್ಣೆ, ಮಾಮಿಗೆ ಖರ್ಜೂರ ಕಳುಹಿಸಿದ್ದೇನೆ, ಖರ್ಜೂರ ನಿಮಗಲ್ಲ. ಮಳೆಯಲ್ಲಿ ಸ್ಕೂಟರ್ ತೆಗೆಯಬೇಡಿ. ನಿಮ್ಮಿಬ್ಬರ ಕಾಲಿಗೆ ಇಲ್ಲಿಂದಲೇ ಬೀಳುತ್ತೇನೆ.

ನಿಮ್ಮ
ಅಪ್ಪಿ
(ಹೊರಗಿನವರಿಗೆ ಅಶ್ಮಿತಾ)

ಇನ್ನೊಂದು ಮಾತು: ಕಾಗದ ತೆಗೆದುಕೊಳ್ಳಲು ಬಂದ ಸೌದಾ ಆಂಟಿ ಕೆಳಗೆ ಕಾರಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಸೈಮನ್ ನನ್ನನ್ನು ಕರೆದದ್ದಲ್ಲ ಮಾಮ. ಮೊದಲು ಬರೆದದ್ದು ನಾನು. ಡಿಸೆಂಬರ್ ರಜೆಯಲ್ಲಿ, ಅಮ್ಮನಿಗೆ ಡಬಲ್ ಶಿಫ್ಟ್ ಇದ್ದ ವಾರ, ಅವರು ಹಿಂದೆ ಯಾವಾಗಲೋ ಕಳುಹಿಸಿದ ಹುಟ್ಟುಹಬ್ಬದ ಕಾರ್ಡಿನಲ್ಲಿದ್ದ ವಿಳಾಸಕ್ಕೆ ನಾನೇ ಬರೆದೆ, "ನಿಮ್ಮನ್ನು ಒಂದು ಸಲ ನೋಡಬೇಕು" ಎಂದು. ಮೀನು, ನದಿ ಎಲ್ಲ ಆಮೇಲೆ ಬಂದದ್ದು, ಎದುರೆದುರು ಕೂತು ಎಂತ ಮಾತಾಡುವುದು ಎಂದು ನಮ್ಮಿಬ್ಬರಿಗೂ ಗೊತ್ತಿಲ್ಲದ್ದಕ್ಕೆ. ಅಮ್ಮನಿಗೂ ಇದು ಗೊತ್ತಿಲ್ಲ, ಮೊದಲು ನಿಮಗೇ ಹೇಳುತ್ತಿದ್ದೇನೆ. ನೀವು ಇಷ್ಟು ದಿನ ಸಿಟ್ಟು ಮಾಡಿಕೊಂಡದ್ದು ತಪ್ಪು ಮನುಷ್ಯನ ಮೇಲೆ. ಬೈಯುವುದಿದ್ದರೆ ನನಗೆ ಬೈಯಿರಿ, ತುಳುವಿನಲ್ಲೇ ಬೈಯಿರಿ. ಗುರುವಾರ ಸಂಜೆಯವರೆಗೆ ಫೋನ್ ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.